ಟಿಪ್ಪರ್ ನಿಲ್ಲುವ ಪೋರ್ಟಿಕೋ

ಹೊಸದಾಗಿ ಒಂದು ಮನೆಗೆ ಹೋದವರು ಮೊದಲು ತಲೆಯೆತ್ತಿ ನೋಡುತ್ತಾರೆ. ಇದು ಮನುಷ್ಯರ ಸ್ವಭಾವ. ಹೊಸಪೇಟೆಯ ನಮ್ಮ ಮನೆಗೆ ಬಂದವರನ್ನು ಮಾತ್ರ ನಾನು ಬಹಳ ವರ್ಷ ತಲೆಯೆತ್ತಲು ಬಿಡುತ್ತಿರಲಿಲ್ಲ. "ಮೆಟ್ಲ ನೋಡ್ಕೊಂಡು ಬರ್ರಿ, ಅಲ್ಲಿ ಇರುವಿ ಅದಾವು" ಎಂದು ಏನಾದರೊಂದು ಹೇಳುತ್ತ ಅವರ ಕಣ್ಣನ್ನು ನೆಲದ ಮೇಲೇ ಇರಿಸಿ ಒಳಗೆ ಕರೆದುಕೊಂಡು ಹೋಗುತ್ತಿದ್ದೆ. ಕೊಟ್ರಪ್ಪನ ಮನೆ ತುಂಬ ಇರುವೆ ಎಂದು ನೆಂಟರಲ್ಲಿ ಸುದ್ದಿಯೇ ಹಬ್ಬಿತು. ಪೋರ್ಟಿಕೋದ ಸ್ಲ್ಯಾಬಿನಲ್ಲಿರುವ ಬಿರುಕು ಕಾಣುವುದಕ್ಕಿಂತ ಆ ಅಪಖ್ಯಾತಿಯೇ ವಾಸಿ ಎಂದು ಸುಮ್ಮನಿದ್ದೆ. ಈಗ ವಯಸ್ಸಾಯಿತು. ಆ ಬಿರುಕು ಹೇಗೆ ಬಂತು, ಅದನ್ನು ಯಾರ ತಲೆಗೆ ಕಟ್ಟಿದೆ ಎಂಬುದನ್ನು ಹೇಳಿಬಿಡುತ್ತೇನೆ.

ಅದು ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಊರು ಬಿಡುತ್ತಿದ್ದ ಕಾಲ. ನಾನು ಎಸ್ಸೆಲ್ಸಿ ಮುಗಿಸಿ ಕಮಲಾಪುರದಲ್ಲಿ ಬಾಳೆ ಬೆಳೆಯುತ್ತಿದ್ದವನು. ಅದಿರು ಸಾಗಿಸಲು ಒಂದು ಟಿಪ್ಪರ್ ತೆಗೆದುಕೊಂಡೆ, ಅದು ಎರಡಾಯಿತು. ಟಿಪ್ಪರ್ ಇದ್ದವರಿಗೆ ಆಗ ಎರಡು ಕಾಯಿಲೆ ಬರುತ್ತಿದ್ದವು, ಒಂದು ಕೆಮ್ಮು, ಇನ್ನೊಂದು ಮನೆ ಕಟ್ಟಿಸುವ ಹುಚ್ಚು. ಕೆಮ್ಮಿಗೆ ಔಷಧಿ ಸಿಗುತ್ತಿತ್ತು. ಸಂಡೂರಿನಲ್ಲಿದ್ದ ನನ್ನ ಷಡ್ಡಕ ಎರಡು ಕಾರು ನಿಲ್ಲುವಂಥ ಪೋರ್ಟಿಕೋ ಕಟ್ಟಿಸಿ, ಬಂದವರನ್ನೆಲ್ಲ ಅದರ ಕೆಳಗೇ ಕೂರಿಸಿ ಚಹಾ ಕುಡಿಸುತ್ತಿದ್ದ. ನಾನು ಹೊಸಪೇಟೆಯಲ್ಲಿ ಆಗಷ್ಟೇ ಕಚೇರಿ ತೆರೆದಿದ್ದ ಆರ್ಕಿಟೆಕ್ಟ್ ಶೈಲಜಾ ಅವರ ಮುಂದೆ ಹೋಗಿ ಕುಳಿತೆ.

"ನಮ್ಮ ಪೋರ್ಟಿಕೋದಾಗ ಟಿಪ್ಪರ್ ನಿಂದರಬೇಕ್ರಿ."

"ಮನೀಗೆ ಟಿಪ್ಪರ್ ಯಾಕ ಬರ್ತೈತ್ರಿ?"

"ಪೂಜೀಗೆ."

ಆಯಮ್ಮ ನನ್ನನ್ನು ಒಂದು ಗಳಿಗೆ ನೋಡಿ, ಪೆನ್ಸಿಲ್ ತೆಗೆದುಕೊಂಡರು. ಮುಂದೆ ಕಂಬವೇ ಇಲ್ಲದೆ, ಗೋಡೆಯಿಂದ ಕೈಚಾಚಿದ ಹಾಗೆ ನಿಲ್ಲುವ ಎತ್ತರದ ಸ್ಲ್ಯಾಬು ಬರೆದುಕೊಟ್ಟರು. ಎಷ್ಟು ಕಬ್ಬಿಣ, ಎಲ್ಲೆಲ್ಲಿ ಎಂದು ಬೇರೆ ಹಾಳೆಯಲ್ಲಿತ್ತು. ಕರಾರುಪತ್ರವೂ ಇತ್ತು. ಕಟ್ಟಡ ಮುಗಿಯುವವರೆಗೆ ಕೆಲಸದ ಜಾಗದಲ್ಲಿ ಕೊನೆಯ ಮಾತು ಆರ್ಕಿಟೆಕ್ಟರದು ಎಂದು ಅದರಲ್ಲಿ ಬರೆದಿತ್ತಂತೆ. ನನಗೆ ಓದಲು ಬರುತ್ತಿತ್ತು, ಪುರುಸೊತ್ತಿರಲಿಲ್ಲ. ಸಹಿ ಹಾಕಿದೆ.

ಆರ್ಕಿಟೆಕ್ಟ್ ಎಂದರೆ ನಕ್ಷೆ ಬರೆದುಕೊಟ್ಟು, ಗೃಹಪ್ರವೇಶಕ್ಕೆ ಬಂದು ಹೋಳಿಗೆ ಉಂಡು ಹೋಗುವವರು ಎಂದೇ ನಾನು ತಿಳಿದಿದ್ದೆ. ಆಯಮ್ಮ ವಾರಕ್ಕೆರಡು ಸಲ ಸ್ಕೂಟಿಯಲ್ಲಿ ಬರತೊಡಗಿದರು. ಇಟ್ಟಿಗೆಗೆ ಇಟ್ಟಿಗೆ ಬಡಿದು ಸದ್ದು ಕೇಳುತ್ತಿದ್ದರು. ಮಣ್ಣು ಹೆಚ್ಚಿದೆ ಎಂದು ಒಂದು ಟ್ರಾಕ್ಟರ್ ಮರಳನ್ನು ವಾಪಸು ಕಳಿಸಿದರು. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಅಡುಗೆಮನೆಯ ಗೋಡೆ ವಾಲಿದೆ ಎಂದು ಎದೆಮಟ್ಟ ಎದ್ದಿದ್ದನ್ನು ಕೆಡವಿಸಿದರು. ನಮ್ಮ ಮೇಸ್ತ್ರಿ ಹುಸೇನಪ್ಪ ನನಗೆ ನಮಸ್ಕಾರ ಹೊಡೆಯುತ್ತಿದ್ದ, ಆಯಮ್ಮನ ಮಾತು ಕೇಳುತ್ತಿದ್ದ. ನನ್ನ ಹೊಟ್ಟೆಯಲ್ಲಿ ಉರಿ ಎದ್ದದ್ದು ಇಲ್ಲಿಂದಲೇ. ನಮ್ಮ ಮನೆಯಾಕೆಗೆ ಮಾತ್ರ ಖುಷಿಯೋ ಖುಷಿ. "ನಿಮ್ಗ ಬ್ಯಾಡ ಅನ್ನಾಕ ನಾ ಒಬ್ಬಾಕಿ ಸಾಲ್ತಿರ್ಲಿಲ್ಲ, ಈಗ ಜೋಡಿ ಸಿಕ್ತು" ಎನ್ನುತ್ತಿದ್ದಳು.

ಪೋರ್ಟಿಕೋದ ಸ್ಲ್ಯಾಬು ಹಾಕಿದ ದಿನ ಆಯಮ್ಮ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲಲ್ಲಿ ನಿಂತಿದ್ದರು. ಹೋಗುವಾಗ, ಕಾಂಕ್ರೀಟು ಗಟ್ಟಿಯಾಗುವವರೆಗೆ ಕೆಳಗೆ ಆನಿಸಿದ್ದ ಸೆಂಟ್ರಿಂಗ್ ಕಂಬಗಳನ್ನು ತೋರಿಸಿ, "ಮೂರು ವಾರ ಒಂದೂ ಮುಟ್ಟಬ್ಯಾಡ್ರಿ. ಆಮ್ಯಾಲೂ ನಾ ಬಂದು ನೋಡಿ ಹೇಳಿದ ಮ್ಯಾಲೇ ತಗೀರಿ" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಅಷ್ಟರಲ್ಲಿ ನನ್ನ ಮೂರನೆಯ ಟಿಪ್ಪರ್ ಬಂತು. ಸ್ವಾಮಿಗಳನ್ನು ಕೇಳಿದರೆ, ಸ್ಲ್ಯಾಬು ಹಾಕಿದ ಹನ್ನೆರಡನೆಯ ದಿನವೇ ಒಳ್ಳೆಯ ಮುಹೂರ್ತ, ಅದು ಬಿಟ್ಟರೆ ಎರಡು ತಿಂಗಳು ಇಲ್ಲ ಎಂದರು. ಗೃಹಪ್ರವೇಶ, ಟಿಪ್ಪರ್ ಪೂಜೆ ಎರಡೂ ಒಟ್ಟಿಗೆ ಎಂದು ಹೇಳಿಕೆ ಕಳಿಸಿದೆ. ಷಡ್ಡಕನಿಗೆ ಖುದ್ದಾಗಿ ಹೋಗಿ ಹೇಳಿ ಬಂದೆ. ಆದರೆ ಪೋರ್ಟಿಕೋ ತುಂಬ ಕಂಬಗಳು. ಟಿಪ್ಪರ್ ಇರಲಿ, ದಪ್ಪಗಿನ ನೆಂಟರೂ ಅಡ್ಡ ತಿರುಗಿಯೇ ಒಳಗೆ ಬರಬೇಕಿತ್ತು. ಆಯಮ್ಮ ಆ ವಾರ ಊರಲ್ಲಿರಲಿಲ್ಲ. ಹಿಂದಿನ ದಿನ ಹುಸೇನಪ್ಪನನ್ನು ಕರೆದು ಕಂಬ ತೆಗೆ ಎಂದೆ.

"ಬ್ಯಾಡ ಧಣಿ, ಮೇಡಮ್ಮೋರು ಬೈತಾರ."

"ಮನಿ ಯಾರ್ದಲೇ? ನಂದಾ, ಆಯಮ್ಮಂದಾ?"

"ಮನಿ ನಿಮ್ದ ಧಣಿ. ಸ್ಲ್ಯಾಬ್ ಮಾತ್ರ ಇನ್ನಾ ಹತ್ತು ದಿನ ಆಯಮ್ಮಂದು."

ಇಷ್ಟು ಚೆನ್ನಾಗಿ ಹೇಳಿದವನಿಗೆ ಶಾಲು ಹೊದಿಸಬೇಕಿತ್ತು. ನಾನು, ನಾಳೆಯಿಂದ ಬೇರೆ ಮೇಸ್ತ್ರಿ ನೋಡಿಕೊಳ್ಳುತ್ತೇನೆ ಎಂದೆ. ಅವನಿಗೆ ಮೂವರು ಹೆಣ್ಣುಮಕ್ಕಳು. ಕಂಬ ತೆಗೆದ.

ಮರುದಿನ ಹೂವಿನ ಹಾರ ಹಾಕಿಕೊಂಡ ಟಿಪ್ಪರ್ ಪೋರ್ಟಿಕೋದಲ್ಲಿ ಬಂದು ನಿಂತಿತು. ಷಡ್ಡಕನ ಮುಖ ನೋಡಿ ನನಗೆ ಹೋಳಿಗೆ ತಿಂದಷ್ಟೇ ತೃಪ್ತಿಯಾಯಿತು. ಮಂಗಳಾರತಿಯ ಹೊತ್ತಿಗೆ ಮೇಲೆ ಟಕ್ ಎಂದಿತು. ಗೋಡೆ ಸೇರುವಲ್ಲಿ ಬಿರುಕು ಓಡಿ, ಸ್ಲ್ಯಾಬಿನ ತುದಿ ಎರಡು ಬೆರಳು ಇಳಿಯಿತು. ಹೆಂಗಸರು ಕೂಗಿಕೊಂಡು ಹೊರಗೋಡಿದರು. ಹುಸೇನಪ್ಪ ಮತ್ತು ಅವನ ಆಳುಗಳು ಜೀವದ ಹಂಗು ಬಿಟ್ಟು ಕಂಬಗಳನ್ನು ತಂದು ಟಿಪ್ಪರಿನ ಸುತ್ತಲೇ ಆನಿಸಿದರು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಟಿಪ್ಪರ್ ಮಾತ್ರ ಹಾರ ಹಾಕಿಕೊಂಡೇ ಹದಿನೈದು ದಿನ ಜೈಲಿನಲ್ಲಿತ್ತು.

ಇಲ್ಲಿಯವರೆಗಿನದು ದಡ್ಡತನ. ಮುಂದಿನದನ್ನು ಏನೆಂದು ಕರೆಯಲಿ? ಕಂಪ್ಲಿಯ ಅಕ್ಕಿ ಗಿರಣಿಯ ವೀರಭದ್ರಪ್ಪನವರು ಊಟಕ್ಕೆ ಬಂದಿದ್ದರು. ಗಿರಣಿಯ ದೊಡ್ಡ ಗೋದಾಮು ಕಟ್ಟುವ ಕೆಲಸವನ್ನು ಅವರು ಶೈಲಜಾ ಅವರಿಗೆ ಕೊಡುವವರಿದ್ದರು. ಆಯಮ್ಮನಿಗೆ ಅದು ಮೊದಲ ದೊಡ್ಡ ಕೆಲಸ. ಬಿರುಕು ನೋಡುತ್ತ, "ಇದೇನಾತೋ ಕೊಟ್ರಪ್ಪಾ?" ಎಂದರು. ಸುತ್ತ ಜನ. ಷಡ್ಡಕ ಕಿವಿ ನಿಮಿರಿಸಿ ನಿಂತಿದ್ದಾನೆ.

"ಆಯಮ್ಮನ ಲೆಕ್ಕ ತಪ್ಪೈತ್ರಿ. ಹೊಸಾ ಕೈ" ಎಂದುಬಿಟ್ಟೆ.

ಕಂಬ ಹಿಡಿದು ನಿಂತಿದ್ದ ಹುಸೇನಪ್ಪ ನನ್ನನ್ನು ಒಮ್ಮೆ ನೋಡಿ, ಆಮೇಲೆ ಕಂಬವನ್ನೇ ನೋಡತೊಡಗಿದ.

ಗೋದಾಮಿನ ಕೆಲಸ ಹೋಯಿತು. ಆಯಮ್ಮ ಬಂದು, ಬಿರುಕು ಪರೀಕ್ಷಿಸಿ, ಸ್ಲ್ಯಾಬಿನ ತುದಿಗೆ ಎರಡು ಗಟ್ಟಿ ಕಂಬ ಕಟ್ಟಿಸಿದರು. ಅಂದಿನಿಂದ ನಮ್ಮ ಪೋರ್ಟಿಕೋದೊಳಗೆ ಆಟೋ ಕೂಡ ಕಷ್ಟಪಟ್ಟು ಬರುತ್ತದೆ. ಹೋಗುವಾಗ, "ನನ್ನ ಲೆಕ್ಕ ತಪ್ಪಂತ ಕಂಪ್ಲಿಯಿಂದ ಮಾತು ಬಂತು" ಎಂದರು. "ಜನ ಏನೇನೋ ಅಂತಾರ ಬಿಡ್ರಿ" ಎಂದೆ. ಆ ಜನ ನಾನೇ ಎಂಬುದು ಅವರಿಗೂ ಗೊತ್ತಿತ್ತು.

ಗಣಿ ನಿಂತು, ಟಿಪ್ಪರುಗಳು ಹೋಗಿ, ಯೋಚಿಸಲು ಪುರುಸೊತ್ತು ಸಿಕ್ಕ ಮೇಲೆ ಈ ಮಾತು ಒಳಗೇ ಚುಚ್ಚತೊಡಗಿತು. ಮೊನ್ನೆ ಕಂಪ್ಲಿಗೆ ಹೋಗಿ ವೀರಭದ್ರಪ್ಪನವರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ನಕ್ಕರು. "ಅವತ್ತೇ ಗೊತ್ತಿತ್ತು ಬಿಡೋ. ಗೋದಾಮಿನ ಬುನಾದಿ ಇನ್ನಾ ಆಳ ತಗೀಬೇಕು ಅಂತ ಆಯಮ್ಮ ಹಟ ಹಿಡಿದಿದ್ಳು. ನನಗ ಒಂದು ನೆಪ ಬೇಕಿತ್ತು, ನೀ ಕೊಟ್ಟಿ. ಈಗ ನೋಡು, ನೆಲ ಕುಸಿದೈತಿ."

ಮನೆಯಾಕೆ ಕೇಳಿ, "ಕಂಪ್ಲಿಗ್ಯಾಕ ಹೋದ್ರಿ? ತಪ್ಪಾತು ಅನ್ನಿಸ್ಕೊಳ್ಳಬೇಕಾದಾಕಿ ಇಲ್ಲೇ ಅದಾಳ" ಎಂದಳು.

ಶೈಲಜಾ ಅವರು ಕೆಲಸ ನಡೆಸುತ್ತಿದ್ದ ಒಂದು ಮನೆಗೆ ಹೋದೆ. ಅವರು ಮೇಲಿನ ಮಹಡಿಯಲ್ಲಿದ್ದರು. ಕೆಳಗೆ ಆ ಮನೆಯ ಮಾಲೀಕ, ನನಗಿಂತ ಚಿಕ್ಕವನು, ಟೈಲ್ಸ್ ಗಾಡಿ ಒಳಗೆ ಬರಬೇಕೆಂದು ಒಂದು ಸೆಂಟ್ರಿಂಗ್ ಕಂಬ ತೆಗೆಯಲು ಮೇಸ್ತ್ರಿಗೆ ಹೇಳುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಓಡಿ ಹೋಗಿ ಕಂಬ ತಬ್ಬಿಕೊಂಡು, "ಏಯ್, ಮುಟ್ಟಿದ್ರ ನೋಡು! ಮೇಡಮ್ಮೋರು ಹೇಳಿದ್ದ ಕೇಳು!" ಎಂದು ಅಬ್ಬರಿಸಿದೆ.

"ಯಾರ್ರೀ ಅದು, ನನ್ನ ಸೈಟಿನಾಗ ಆರ್ಡರ್ ಕೊಡೋರು?" ಮೇಲಿಂದ ದನಿ ಬಂತು.

"ನಾನ್ರಿ, ಕೊಟ್ರಪ್ಪ."

ಆಯಮ್ಮ ಮೇಲಿನಿಂದ ಬಗ್ಗಿ ನೋಡಿದರು. "ಕೈ ತಗೀರಿ ಕಂಬದಿಂದ. ಹೊರಗ ಹೋಗಿ ನಿಂದರ್ರಿ. ನಾ ಕರೆದಾಗ ಬರ್ರಿ."

ಒಂದು ತಾಸು ಬಿಸಿಲಲ್ಲಿ ನಿಂತೆ. ಕರೆದರು. ಹೇಳಬೇಕಾದ್ದೆಲ್ಲ ಹೇಳಿದೆ. "ಇದನ್ನ ಆ ಮಾಲೀಕರ ಮುಂದ ಇನ್ನೊಮ್ಮೆ ಹೇಳ್ರಿ" ಎಂದರು. ಹೇಳಿದೆ. ಆತ ಬಾಯಿ ತೆರೆದು ಕೇಳಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಲ್ರಿ ಮೇಡಂ, ಇಂಥವ್ರ ಮನಿ ಕೆಲಸ ಯಾಕ ಒಪ್ಕೊಂಡ್ರಿ?" ಎಂದ.

"ಒಪ್ಕೊಳ್ಳೋವಾಗ ಎಲ್ಲಾರೂ ನಿಮ್ಮಂಗ ಇರ್ತಾರ್ರಿ" ಎಂದರು ಆಯಮ್ಮ.

ಆತನಿಗೆ ಇನ್ನೂ ನಾಲ್ಕು ಬುದ್ಧಿಮಾತು ಹೇಳಬೇಕೆಂದು ನನ್ನ ನಾಲಿಗೆ ತುರಿಸಿತು. ಆಯಮ್ಮನ ಮುಖ ನೋಡಿದೆ. ಅಪ್ಪಣೆ ಸಿಗಲಿಲ್ಲ, ಸುಮ್ಮನಾದೆ.