ಅಣ್ಣ, ತಮ್ಮ ಮತ್ತು ಮಳೆರಾಯನ ಮದುವೆ

‘ಇನ್ನು ಮುಂದ ಈ ಮನ್ಯಾಗ ಏನೂ ಕಳೆದುಹೋಗೂದಿಲ್ಲ’ ಎಂದು ಶಿವಯೋಗೀಶ ಘೋಷಣೆ ಹೊರಡಿಸಿದಾಗ ಅವನ ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಇನ್ನೊಂದು ಕೈಯಲ್ಲಿ ಜೋಳದ ರೊಟ್ಟಿ. ಸಿಂಗಪುರದ ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಅವನು ಎಂಜಿನಿಯರ್. ವಿಮಾನದಲ್ಲಿ ಮುಖ್ಯವಾದುದೆಲ್ಲ ಜೋಡಿಯಾಗಿರುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಈ ತತ್ತ್ವವನ್ನು ಆಕಾಶದಿಂದ ಇಳಿಸಿ ಜುರಾಂಗ್‌ನ ತನ್ನ ಫ್ಲ್ಯಾಟಿಗೆ ಹರಿಸಿದ ಭಗೀರಥ ತಾನೇ ಎಂದು ಅವನ ನಂಬಿಕೆ.

ಹರಿಸಿದ್ದು ಹೀಗೆ. ಮನೆಯ ಕಂಪ್ಯೂಟರಿಗೆ ಒಂದರ ಬದಲು ಎರಡು ಡಿಸ್ಕ್ ಕೂರಿಸಿದ. ಒಂದರ ಮೇಲೆ ಬರೆದದ್ದು ಆ ಕ್ಷಣವೇ ಇನ್ನೊಂದರ ಮೇಲೂ ಮೂಡುವಂತೆ ಸಾಫ್ಟ್‌ವೇರ್‌ನಲ್ಲಿ ಏರ್ಪಾಡು ಮಾಡಿದ. ಇದಕ್ಕೆ ಮಿರರ್ ಎನ್ನುತ್ತಾರೆ, ಕನ್ನಡಿ. ಮೊದಲನೆಯ ಡಿಸ್ಕಿಗೆ ಅಣ್ಣ, ಎರಡನೆಯದಕ್ಕೆ ತಮ್ಮ ಎಂದು ಹೆಸರಿಟ್ಟ. ಮನೆಗೆ ಬಂದವರಿಗೆಲ್ಲ ಚಹಾಕ್ಕೆ ಮೊದಲು ಅಣ್ಣತಮ್ಮಂದಿರ ದರ್ಶನ ಕಡ್ಡಾಯವಾಯಿತು. ಕ್ಲೌಡ್‌ನಲ್ಲಿ ಇಡಬಹುದಲ್ಲ ಎಂದು ಯಾರಾದರೂ ಕೇಳಿದರೆ, ‘ಯಾರದೋ ಮೋಡದಾಗ ನಮ್ಮ ಸಾಮಾನು ಯಾಕ?’ ಎಂದು ಬಾಯಿ ಮುಚ್ಚಿಸುತ್ತಿದ್ದ.

ಅವನ ಹೆಂಡತಿ ಸುರೇಖಾಗೆ ಆ ಕಂಪ್ಯೂಟರಿನಲ್ಲಿ ಬೇಕಾಗಿದ್ದದ್ದು ಒಂದೇ ಫೈಲು. ಭಾನುವಾರದ ಕನ್ನಡ ತರಗತಿಯ ಮಕ್ಕಳಿಗಾಗಿ ಆಕೆ ‘ಮಳೆರಾಯನ ಮದುವೆ’ ಎಂಬ ನಾಟಕ ಬರೆದಿದ್ದಳು. ಬದುಕಿನಲ್ಲಿ ಆಕೆ ಬರೆದ ಮೊದಲ ನಾಟಕ. ಬ್ಯೂನಾ ವಿಸ್ಟಾದ ಕಾಂಡೋ ಒಂದರ ಫಂಕ್ಷನ್ ರೂಮಿನಲ್ಲಿ ಕನ್ನಡ ಬಳಗದ ದಸರಾ ಕಾರ್ಯಕ್ರಮ, ಅಲ್ಲಿ ಅದರ ಪ್ರದರ್ಶನ. ಇಲ್ಲಿ ಬೆಳೆದ ಮಕ್ಕಳ ಕನ್ನಡ ಮನೆಯಲ್ಲಿ ಚೆನ್ನಾಗಿಯೇ ಇರುತ್ತದೆ, ವೇದಿಕೆ ಹತ್ತಿದೊಡನೆ ಮಾಯವಾಗುತ್ತದೆ. ಅದಕ್ಕೇ ಸಂಭಾಷಣೆ, ಹಾಡು ಎಲ್ಲವನ್ನೂ ಮೊದಲೇ ಮಕ್ಕಳ ದನಿಯಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು, ವೇದಿಕೆಯ ಮೇಲೆ ಬಾಯಿ ಮಾತ್ರ ಆಡಿಸುವ ಪದ್ಧತಿ. ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಕಂಪ್ಯೂಟರಿಗೆ ಮೈಕ್ ಸಿಕ್ಕಿಸಿ ಸುರೇಖಾ ರೆಕಾರ್ಡ್ ಮಾಡಿದಳು. ಆಮೇಲೆ ಮೂರು ವಾರ ಕೂತು ಕೆಮ್ಮು, ಸೀನು, ತೊದಲು ಒಂದೊಂದನ್ನೇ ಕತ್ತರಿಸಿ ಒಪ್ಪ ಮಾಡಿದಳು. ಬಳಗದ ಹಿರಿಯರಾದ ಶಾಮಲಾ ಆಂಟಿ, ‘ಸ್ವಂತ ನಾಟಕ ಯಾಕೆ ರಿಸ್ಕು? ಡ್ಯಾನ್ಸ್ ಮಾಡಿಸಿಬಿಡಿ’ ಎಂದಿದ್ದರು. ಆ ಮಾತು ಸುರೇಖಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಕೆಲಸ ಮುಗಿದ ದಿನ ಆಕೆ ಗಂಡನನ್ನು ಕೇಳಿದಳು. “ರೀ, ಫೈಲ್ ದೊಡ್ಡದದ, ವಾಟ್ಸಾಪ್‌ನಾಗ ಹೋಗವಲ್ದು. ಒಂದು ಪೆನ್ ಡ್ರೈವ್‌ಗೆ ಹಾಕಿ ಕೊಡ್ರಿ.”

“ಎರಡೆರಡು ಡಿಸ್ಕ್ ಇರೂ ಮನ್ಯಾಗ ಪೆನ್ ಡ್ರೈವ್ ಕೇಳ್ತೀಯಲ್ಲ ಸುರೇಖಾ? ದಾಸೋಹದ ಮಠಕ್ಕ ಬುತ್ತಿ ಕಟಗೊಂಡು ಹೋದಂಗಾತು.”

“ಏನರ ಆದ್ರ?”

“ಅಣ್ಣ ಹೋದ್ರ ತಮ್ಮ ಇದ್ದಾನ. ಭಾನುವಾರ ಮುಂಜಾನೆ ಆರಾಮ ಕಾಪಿ ಮಾಡಿಕೊಂಡು ಹೋಗೋಣಂತ.”

ಸುರೇಖಾ ಪೆನ್ ಡ್ರೈವಿನ ಮಾತು ಬಿಟ್ಟಳು. ಗಂಡ ಬಡಾಯಿಗಾರನಾದರೂ ಕೆಲಸಗಾರ ಎಂದು ಆಕೆಗೆ ಭರವಸೆಯಿತ್ತು.

ಮರುದಿನ ಶನಿವಾರ ಖಂಡೇಪೂಜೆ, ಅಂದರೆ ಆಯುಧಪೂಜೆ. ಊರಿನಿಂದ ಮಗನ ಮನೆಗೆ ಬಂದಿದ್ದ ಚನ್ನಬಸವ್ವನವರು ಬೆಳಿಗ್ಗೆಯೇ ಈಳಿಗೆ, ಕತ್ತರಿ, ಮಿಕ್ಸರ್ ಎಲ್ಲವನ್ನೂ ಮಣೆಯ ಮೇಲೆ ಸಾಲಾಗಿ ಕೂರಿಸಿದ್ದರು. ಶಿವಯೋಗೀಶ ಕಂಪ್ಯೂಟರಿನ ಡಬ್ಬಿಗೆ ಒಂದು ಹೂವು ಸಿಕ್ಕಿಸಿ, ‘ಆತು’ ಎಂದ.

“ಏನಾತು?” ಎಂದರು ಅವ್ವ. “ಒರಿ ಇಟ್ಟು ಪೂಜಿ ಮಾಡಿದ್ರ ಖಡ್ಗದ ಪೂಜಿ ಆದಂಗೇನು? ಒಳಗಿಂದು ಹೊರಗ ತಗಿ.”

ಬೇರೆ ಯಾರಾದರೂ ಆಗಿದ್ದರೆ ಹಿಂಜರಿಯುತ್ತಿದ್ದರು. ಆದರೆ ಅಣ್ಣತಮ್ಮಂದಿರನ್ನು ಪ್ರದರ್ಶಿಸುವ ಅವಕಾಶ ಬಿಡುವವನೇ ಇವನು? ಎರಡೂ ಡಿಸ್ಕು ಬಿಚ್ಚಿ, ಒರೆಸಿ, ಮಣೆಯ ಮೇಲೆ ಕೂರಿಸಿದ. ಅವ್ವ ಇಬ್ಬರಿಗೂ ಮೂರು ಬೆರಳಿನ ವಿಭೂತಿ ಎಳೆದು ಕುಂಕುಮ ಇಟ್ಟರು. ಇನ್ನು ಕಾಯಿ ಒಡೆಯಬೇಕು. ನೆಲಕ್ಕೆ ಕುಟ್ಟಿದರೆ ಕೆಳಗಿನ ಮನೆಯ ಚೀನೀ ಅಜ್ಜಿ ಮೇಲೆ ಹತ್ತಿ ಬರುತ್ತಾಳೆ. ಆದ್ದರಿಂದ ಕಾಯಿಯನ್ನು ಅಂಗೈಯಲ್ಲಿ ಹಿಡಿದು, ಮಣೆಯ ಮುಂದೆಯೇ, ಕುಟ್ಟಾಣಿಯಿಂದ ಭಕ್ತಿಪೂರ್ವಕ ಒಂದು ಏಟು ಹಾಕಿದ. ಕಾಯಿ ಅಡ್ಡಡ್ಡ ಸೀಳಿ ನೀರೆಲ್ಲ ಅಣ್ಣನ ತಲೆಯ ಮೇಲೆ ಸುರಿಯಿತು.

“ಶುಭ ಆತು ಬಿಡು,” ಎಂದರು ಅವ್ವ.

“ಎರಡು ಹನಿ ಅಷ್ಟ,” ಎಂದು ಶಿವಯೋಗೀಶ ಟವೆಲಿನಿಂದ ಒತ್ತಿದ. ಪೂಜೆಯಾದ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಅಣ್ಣತಮ್ಮಂದಿರು ಈಳಿಗೆಯ ಪಕ್ಕದಲ್ಲಿ ಹೂ ಮುಡಿದು ಅಲ್ಲಿಯೇ ಉಳಿದರು.

ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಮರಳಿ ಜೋಡಿಸಿ, ಬಟನ್ ಒತ್ತಿ, ಶಿವಯೋಗೀಶ ಕುರ್ಚಿಗೆ ಒರಗಿದ. ಕಪ್ಪು ಪರದೆಯ ಮೇಲೆ ಬಿಳಿಯ ಒಂದು ಸಾಲು ಮೂಡಿತು. ಶುರು ಮಾಡಲು ಡಿಸ್ಕೇ ಕಾಣುತ್ತಿಲ್ಲ ಎಂದು ಅದರ ತಾತ್ಪರ್ಯ. ಆರಿಸಿ ಹಾಕಿದ. ಅದೇ ಸಾಲು. ವಿಭೂತಿಯ ಪುಡಿ ಕೇಬಲ್ಲಿನ ಬಾಯಿಗೆ ಹೋಗಿರಬೇಕೆಂದು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಅದೇ ಸಾಲು. ಅಣ್ಣನನ್ನು ಕಿವಿಗೆ ಹಿಡಿದು ಆಲಿಸಿದ. ತಿರುಗುವ ಸದ್ದಿಲ್ಲ, ಕಾಯಿನೀರಿನ ಪರಿಮಳ ಮಾತ್ರ ಬಂತು.

“ಏನಾತ್ರೀ?” ಸುರೇಖಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮಳೆರಾಯನ ಕಿರೀಟ.

“ಏನಿಲ್ಲ. ಅಣ್ಣ ಹೋಗ್ಯಾನ.”

“ಹೋಗ್ಯಾನಂದ್ರ?”

“ಚಿಂತಿ ಬ್ಯಾಡ. ಈ ದಿನಕ್ಕಂತನ ತಮ್ಮನ್ನ ಸಾಕಿದ್ದು,” ಎಂದು ಎದೆಯುಬ್ಬಿಸಿದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಅಣ್ಣನನ್ನು ಕಿತ್ತು ಬದಿಗಿಟ್ಟು, ತಮ್ಮನೊಬ್ಬನನ್ನೇ ಸಿಕ್ಕಿಸಿ ಬಟನ್ ಒತ್ತಿದ. ತಮ್ಮ ಗುರ್ರೆಂದು ಉತ್ಸಾಹದಿಂದ ತಿರುಗಿದ. ಪರದೆಯ ಮೇಲೆ ಮಾತ್ರ ಅದೇ ಸಾಲು.

ಆಗ ಅವನಿಗೆ ಹೊಳೆಯಿತು. ಕನ್ನಡಿ ಹಿಡಿದದ್ದು ಫೈಲುಗಳಿಗೆ ಮಾತ್ರ. ಕಂಪ್ಯೂಟರನ್ನು ಬೆಳಿಗ್ಗೆ ತಟ್ಟಿ ಎಬ್ಬಿಸುವ ಪುಟ್ಟ ಪ್ರೋಗ್ರಾಮು ಕನ್ನಡಿಯ ಆಚೆ ಇರುತ್ತದೆ, ಅದನ್ನು ಎರಡರ ಮೇಲೂ ಬೇರೆ ಬೇರೆಯಾಗಿ ಕೂರಿಸಬೇಕು. ಇವನು ಅಣ್ಣನ ಮೇಲೆ ಕೂರಿಸಿ, ಫೋಟೋ ತೆಗೆದು, ಬಳಗದ ಗ್ರೂಪಿಗೆ ಕಳಿಸಿ, ಮರೆತಿದ್ದ. ತಮ್ಮನ ಹೊಟ್ಟೆಯಲ್ಲಿ ಎಲ್ಲ ಇದೆ, ಏಳುವುದೊಂದು ಗೊತ್ತಿಲ್ಲ.

“ಹೊರಗಿನಿಂದ ಎಬ್ಬಿಸಬಹುದು,” ಎಂದ. ದನಿ ಸ್ವಲ್ಪ ಇಳಿದಿತ್ತು. “ಅದಕ್ಕ ಒಂದು… ಪೆನ್ ಡ್ರೈವ್ ಬೇಕು.”

ಸುರೇಖಾ ಕಿರೀಟ ಹಿಡಿದುಕೊಂಡೇ ಮಗಳ ಕೋಣೆಗೆ ನಡೆದಳು.

ಪೆನ್ ಡ್ರೈವ್ ಸಿಕ್ಕಿದ್ದು ಮಗಳು ಶಿವಾನಿಯ ಶಾಲೆಯ ಚೀಲದಲ್ಲಿ. ಪಾಂಡಾ ಆಕಾರದ್ದು. ಮಳೆರಾಯನ ಪಾತ್ರಧಾರಿಯೂ ಆಕೆಯೇ. ಅರ್ಧ ಮೀಸೆ ಬರೆಸಿಕೊಂಡು ಬಂದು ನಿಂತಳು.

“ಒಳಗೆ ನನ್ನ ಸೈನ್ಸ್ ಪ್ರಾಜೆಕ್ಟ್ ಇದೆ ಲಾ, ಅಪ್ಪಾ. ಡಿಲೀಟ್ ಆಗತ್ತಾ?” ಮಾತಿಗೊಂದು ಸಿಂಗಪುರದ ‘ಲಾ’ ಸೇರಿಸುವುದು ಆಕೆಯ ರೂಢಿ.

“ಮೊದಲು ನಿನ್ನ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ ಇಡ್ತೀನಿ ಪುಟ್ಟಿ.”

“ಎರಡು ಕಡೆ ಇಡು,” ಎಂದಳು ಶಿವಾನಿ.

ಶಾಲೆಯ ಲ್ಯಾಪ್‌ಟಾಪಿನಲ್ಲಿ ಪಾಂಡಾವನ್ನು ತಯಾರು ಮಾಡಿ ಸಿಕ್ಕಿಸಿದಾಗ ತಮ್ಮ ಕೊನೆಗೂ ಕಣ್ಣು ಬಿಟ್ಟ. ಫೋಲ್ಡರುಗಳು ಸಾಲಾಗಿ ತೆರೆದುಕೊಂಡವು. ಶಿವಯೋಗೀಶ ಹೆಂಡತಿಯತ್ತ ತಿರುಗಿ ನಕ್ಕ. ಆಕೆಯೂ ನಕ್ಕಳು. ‘ಮಳೆರಾಯನ ಮದುವೆ’ ಫೋಲ್ಡರನ್ನು ತೆರೆದ. ಅದರಲ್ಲಿ ಒಂದೇ ಒಂದು ಫೈಲು ಇತ್ತು, ರೆಕಾರ್ಡ್ ಮಾಡಿದ ಮೊದಲ ದಿನದ್ದು. ಕೆಮ್ಮು, ಸೀನು, ತೊದಲು ಸಮೇತ. ಮೂರು ವಾರ ಕೂತು ತಿದ್ದಿದ್ದರ ಸುಳಿವೇ ಇಲ್ಲ.

“ಇದ್ಹೆಂಗ?” ಎಂದ ಶಿವಯೋಗೀಶ. ದಿನಾಂಕ ನೋಡಿದ. ತಮ್ಮ ಮೂರು ವಾರದ ಹಿಂದೆಯೇ ಅಣ್ಣನ ಜೊತೆ ಬಿಟ್ಟಿದ್ದ. ಸಡಿಲವಾದ ಕೇಬಲ್ಲೋ ಏನೋ. ಅಂದಿನಿಂದ ಎಲ್ಲವೂ ಅಣ್ಣನೊಬ್ಬನ ಮೇಲೆಯೇ ಬರೆಯಲ್ಪಟ್ಟಿತ್ತು. ತಮ್ಮ ಅಂದಿನ ಮುಖವನ್ನೇ ಹೊತ್ತು ನಿಂತಿದ್ದ.

“ಹೇಳಬೇಕಿತ್ತಲ್ಲ, ಕಂಪ್ಯೂಟರು,” ಎಂದ ಕ್ಷೀಣವಾಗಿ.

“ದಿನಾ ಹೇಳ್ತಿತ್ತು ಲಾ,” ಎಂದಳು ಶಿವಾನಿ. “ಮೂಲೇಲಿ ಆ ಹಳದಿ ಬಾಕ್ಸ್. ನೀನು ಓದದೇ ಕ್ಲೋಸ್ ಮಾಡ್ತಿದ್ದೆ.”

ಸೆಲೆಟಾರ್‌ನಲ್ಲಿ ವಿಮಾನದ ಹಳದಿ ದೀಪವೊಂದು ಮಿಣುಕಿದರೆ ಊಟ ಬಿಟ್ಟು ಓಡುವ ಮನುಷ್ಯ ಇವನು. ಚನ್ನಬಸವ್ವನವರು ವಿಭೂತಿ ಹಚ್ಚಿಕೊಂಡು ಬದಿಯಲ್ಲಿ ಮಲಗಿದ್ದ ಅಣ್ಣನನ್ನು ನೋಡಿದರು, ಡಬ್ಬಿಯೊಳಗಿನ ತಮ್ಮನನ್ನು ನೋಡಿದರು. “ಅಣ್ಣತಮ್ಮ ಅಂತ ನೀನ ಹೆಸರಿಟ್ಟಿ. ಅವರು ಮಾತು ಬಿಟ್ಟು ಮೂರು ವಾರ ಆದ್ರೂ ನಿನಗ ತಿಳೀಲಿಲ್ಲೇನಪಾ?” ಎಂದರು.

ಸುರೇಖಾ ಮಂಚದ ಅಂಚಿಗೆ ಕೂತಳು. “ಅವತ್ತು ನಾನ ಶಿವಾನಿ ಪೆನ್ ಡ್ರೈವ್ ತಗೊಂಡು ಹಾಕ್ಕೊಬೇಕಂತಿದ್ದೆ,” ಎಂದಳು, ಕಿರೀಟದ ಜರಿಯನ್ನು ನೇವರಿಸುತ್ತ. “ನೀವು ಹೇಳಿದ್ರಿ ಅಂತ ಬಿಟ್ಟೆ.”

ಬೈದಿದ್ದರೆ ಶಿವಯೋಗೀಶ ತಿರುಗಿ ಬೈಯಬಹುದಿತ್ತು. ಆಕೆ ನಂಬಿದ್ದೆ ಎನ್ನುತ್ತಿದ್ದಳು. ಕ್ಷಮಿಸು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಆಕೆ ಎದ್ದಿದ್ದಳು.

“ಕತ್ತರಿಸಾಕ ಟೈಮಿಲ್ಲ. ಮಕ್ಕಳಿಗೆ ವೇಷ ಹಾಕಬೇಕು. ಇದನ್ನ ಲ್ಯಾಪ್‌ಟಾಪ್‌ಗೆ ಹಾಕ್ರಿ. ನಡುನಡುವ ನಾ ಹೇಳಿಕೊಟ್ಟದ್ದೂ ಕೇಳಸ್ತದ. ಕೇಳಲಿ.”

ಫಂಕ್ಷನ್ ರೂಮು ತುಂಬಿತ್ತು. ಕಾಗದದ ಬನ್ನಿ ಎಲೆ ಹಂಚಿ ಜನ ಬಂಗಾರದಂತೆ ಇರೋಣ ಎಂದು ಒಬ್ಬರಿಗೊಬ್ಬರು ಹಾರೈಸುತ್ತಿದ್ದರು. ತೆರೆಯ ಹಿಂದೆ ಸುರೇಖಾ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡಿದ್ದಳು. “ನೋಡಿ, ಇವತ್ತು ಸೌಂಡ್ ಸ್ವಲ್ಪ ಬೇರೆ ಥರ ಬರುತ್ತೆ. ಏನೇ ಬಂದ್ರೂ ಬಾಯಿ ಆಡಿಸ್ತಾ ಇರಿ. ಯಾರೂ ನಿಲ್ಲಿಸ್ಬೇಡಿ.” ಸಿಂಗಪುರದ ಮಕ್ಕಳು, ಟೀಚರ್ ಹೇಳಿದರೆ ಮುಗಿಯಿತು.

ನಾಟಕ ಶುರುವಾಯಿತು. ಗುಡುಗು ಮದುವೆಯ ದಲ್ಲಾಳಿಯಾಗಿ ಬಂದ. ಮಾತಿನ ನಡುವೆ ‘ಇನ್ನೊಮ್ಮೆ ಹೇಳು ಮರಿ, ಗುಡುಗು, ಗುಡ್ಗ ಅಲ್ಲ’ ಎಂದು ಸುರೇಖಾಳ ದನಿ ಕೇಳಿಸಿತು. ಗುಡುಗು ತನಗೆ ತಾನೇ ಬೆರಳೆತ್ತಿ ಬೈದುಕೊಂಡ. ಜನ ನಕ್ಕರು. ಲ್ಯಾಪ್‌ಟಾಪಿನ ಪಕ್ಕ ಕೂತಿದ್ದ ಶಿವಯೋಗೀಶ ಸ್ವಲ್ಪ ಉಸಿರಾಡಿದ. ಭೂಮಿಯಾಗಿದ್ದ ರಿಷಿಕಾ ಹಸಿರು ಸೆರಗು ಹೊದ್ದು ಬಂದು, ಮಳೆರಾಯನ ಮುಂದೆ ನಿಂತು ತನ್ನ ಹಾಡು ಹಾಡಿದಳು. ಎಷ್ಟು ದಿನ ಕಾದೆ, ಎಷ್ಟು ಬಿರುಕು ಬಿಟ್ಟೆ ಎಂಬ ಹಾಡು. ರೂಮು ನಿಶ್ಶಬ್ದವಾಯಿತು. ಇನ್ನು ಮಳೆರಾಯ ಮದುವೆಗೆ ಒಪ್ಪಬೇಕು.

ಸ್ಪೀಕರಿನಲ್ಲಿ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಗಂಡುದನಿಯೊಂದು ಮೊಳಗಿತು. “ಇದನ್ನೆಲ್ಲಾ ಯಾರು ಕೇಳ್ತಾರ? ಸಾಕು ಮಾಡಿ ಬಾ, ಹಸಿವಾಗೇದ, ಬಡಸು.”

ಮಳೆರಾಯ ಒಂದು ಕ್ಷಣವೂ ತಡವರಿಸಲಿಲ್ಲ. ಶಿವಾನಿ ಕಿರೀಟ ಸರಿಮಾಡಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಅಪ್ಪನ ಮಾತಿಗೆ ಪೂರ್ತಿ ಬಾಯಿ ಆಡಿಸಿದಳು. ಕೊನೆಯಲ್ಲಿ ಹೊಟ್ಟೆಯನ್ನೂ ಸವರಿಕೊಂಡಳು.

“ಒಂದ್ನಿಮಿಷ ಮಕ್ಕಳೇ, ಅಂಕಲ್‌ಗೆ ಹಸಿವಾಗಿದೆಯಂತೆ,” ಎಂದಿತು ಸುರೇಖಾಳ ದನಿ. ಭೂಮಿ ಸೆರಗು ಸಿಕ್ಕಿಸಿಕೊಂಡು ಕಪ್ಪೆ ವೇಷದ ಮಕ್ಕಳ ಮೇಳದತ್ತ ತಿರುಗಿ ಅದಕ್ಕೂ ಬಾಯಿ ಆಡಿಸಿದಳು. “ನೀವು ಹಾಡ್ತಾ ಇರಿ.”

ರೂಮು ಬಿದ್ದು ಬಿದ್ದು ನಕ್ಕಿತು. ಹೆಂಗಸರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಶಿವಯೋಗೀಶನಿಗೆ ನಗು ಬರಲಿಲ್ಲ. ಕಪ್ಪೆಗಳು ಟೀಚರಿಲ್ಲದೆ ತಮ್ಮಷ್ಟಕ್ಕೆ ಹಾಡುತ್ತಿದ್ದವು. ಆ ಹಾಡಿನ ಹಿಂದೆ, ಅಡುಗೆಮನೆಯ ಕಡೆಯಿಂದ, ಸ್ಟೀಲಿನ ತಟ್ಟೆ ಇಟ್ಟ ಸದ್ದು, ಸಾರಿನ ಸೌಟಿನ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅಂದು ಉಂಡವನು ತಾನು. ಈ ಸದ್ದು ಅಂದು ಅವನ ಕಿವಿಗೆ ಬಿದ್ದಿರಲಿಲ್ಲ.

ನಾಟಕ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಿವಯೋಗೀಶ ಎಲ್ಲರಿಗಿಂತ ಮೊದಲು ಊಟದ ಸಾಲಿಗೆ ಓಡಿದ. ಹೋಳಿಗೆ, ಬದನೆಕಾಯಿ ಎಣಗಾಯಿ, ಅನ್ನ, ಸಾರು ಎಲ್ಲವನ್ನೂ ಬಡಿಸಿಕೊಂಡು, ಸಾರು ಚೆಲ್ಲದಂತೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಸುರೇಖಾಳ ಬಳಿ ಬಂದ. ಅಲ್ಲಿ ಶಾಮಲಾ ಆಂಟಿ ಆಕೆಯ ಕೈಹಿಡಿದು ನಿಂತಿದ್ದರು.

“ಏನ್ ಬರ್ದಿದ್ದೀರಾ ಸುರೇಖಾ. ಅದರಲ್ಲೂ ಆ ಗಂಡನ ಡೈಲಾಗು. ಎಷ್ಟು ನ್ಯಾಚುರಲ್ಲಾಗಿತ್ತು. ಯಾರದು ವಾಯ್ಸ್?”

ಸುರೇಖಾ ಗಂಡನ ಕೈಯಿಂದ ತಟ್ಟೆ ತೆಗೆದುಕೊಂಡಳು. “ನಮ್ಮನೆಯವರದ್ದೇ ಆಂಟಿ,” ಎಂದಳು. “ಪಾಪ, ಒಂದು ರಿಹರ್ಸಲ್ಲೂ ಬೇಕಾಗ್ಲಿಲ್ಲ. ಒಂದೇ ಟೇಕ್‌ಗೆ ಓಕೆ ಆಯ್ತು.”