ಕೈಗೆ ಬಂದ ಐದು ಮಹಡಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಸುಕ್ಕು. ಮೇಜಿನ ಬಟ್ಟೆಯ ಎಡಮೂಲೆಯಲ್ಲಿ, ಗೇಣುದ್ದದ, ಒಂದೇ ಒಂದು ಸುಕ್ಕು. ಬೇರೆ ಯಾರಾದರೂ ಆಗಿದ್ದರೆ ನೋಡಿಯೂ ನೋಡದವರ ಹಾಗೆ ಹೋಗಿಬಿಡುತ್ತಿದ್ದರು. ಆದರೆ ನೋಡಿದವನು ಲಾಂಡ್ರಿಯಣ್ಣ. ಇಪ್ಪತ್ತೆರಡು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದ ಕೈ. ಎದೆನೋವು ಅಂತ ಡಾಕ್ಟರ ಹತ್ತಿರ ಹೋಗಿ, ನೋವಿನ ವಿಷಯ ಬಿಟ್ಟು, ಅವರ ಕೋಟಿನ ಕಾಲರ್ ಸರಿಯಿಲ್ಲ ಅಂತ ಹೇಳಿ ವಾಪಸ್ಸು ಬಂದ ಆಸಾಮಿ.

ಸುಕ್ಕಿದ್ದದ್ದು ಸಭಾಭವನದ ಮೇಜಿನ ಮೇಲೆ. ಆ ದಿನ ಸಂಜೆ ನಾಲ್ಕಕ್ಕೆ ಅಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆ. ಲಾಂಡ್ರಿಯ ಎದುರಿಗಿದ್ದ ಖಾಲಿ ಜಾಗದಲ್ಲಿ ಯಾರೋ ಬಿಲ್ಡರು ಎಂಟು ಮಹಡಿ ವಸತಿ ಕಟ್ಟಡ ಕಟ್ಟುತ್ತಾನಂತೆ. ನಗರ ಯೋಜನೆ ಕಚೇರಿಯವರು ಗೋಡೆಗೆ ನೋಟೀಸು ಅಂಟಿಸಿದ ದಿನದಿಂದ ಬೀದಿಗೆ ಬೀದಿಯೇ ಕುದಿಯುತ್ತಿತ್ತು. ಅದರಲ್ಲೂ ಲಾಂಡ್ರಿಯಣ್ಣನದು ಹೊಟ್ಟೆಪಾಡಿನ ಪ್ರಶ್ನೆ. ಅವನ ತಾರಸಿಯ ಮೇಲೆ ಹನ್ನೊಂದು ಹಗ್ಗ. ಲಾಡ್ಜಿನ ಹೊದಿಕೆ, ಆಸ್ಪತ್ರೆಯ ಕೋಟು, ಹೋಟೆಲಿನ ಮೇಜಿನ ಬಟ್ಟೆ ಎಲ್ಲ ಒಣಗುವುದು ಅಲ್ಲೇ. ಎದುರಿಗೆ ಎಂಟು ಮಹಡಿ ಎದ್ದರೆ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ತಾರಸಿ ತುಂಬ ನೆರಳು.

"ಬಿಸಿಲಿಲ್ಲದ ಲಾಂಡ್ರಿ ಅಂದ್ರೆ ನೀರಿಲ್ಲದ ಈಜುಕೊಳ ಕಣ್ರೀ" ಅಂತ ಹೆಂಡತಿ ಬೆಳಗ್ಗೆಯೇ ಎಚ್ಚರಿಸಿದ್ದಳು. "ಇವತ್ತಾದ್ರೂ ಬಾಯಿಬಿಟ್ಟು ಮಾತಾಡಿ."

ಬೀದಿಯವರು ಮಾತಾಡಲು ಅವನನ್ನೇ ಆರಿಸಿದ್ದರು. ಯಾಕೆ ಆರಿಸಿದರೋ ಅವನಿಗೇ ಗೊತ್ತಿರಲಿಲ್ಲ. ಮೂರಕ್ಕಿಂತ ಹೆಚ್ಚು ಜನರ ಮುಂದೆ ಅವನು ಗಟ್ಟಿಯಾಗಿ ಮಾತಾಡಿದ್ದು ಬದುಕಿನಲ್ಲಿ ಒಂದೇ ಸಲ. ಅದೂ ಬಸ್ಸಿನಲ್ಲಿ, "ಇಳೀಬೇಕು, ಇಳೀಬೇಕು" ಅಂತ. ಆಗಲೂ ಬಸ್ಸು ನಿಂತಿರಲಿಲ್ಲ.

ಭಾಷಣ ಬರೆದುಕೊಟ್ಟವರು ಪಾಯಿಂಟ್ ಮಾವ. ನಿವೃತ್ತ ಹೆಡ್ ಗುಮಾಸ್ತರು. ನಲ್ಲಿಯಲ್ಲಿ ನೀರು ಬರಲಿಲ್ಲ ಅನ್ನುವುದನ್ನೂ ನಂಬರು ಹಾಕಿಯೇ ಹೇಳುವವರು. "ಹದಿನಾಲ್ಕು ಪಾಯಿಂಟ್ ಇದೆ ಕಣಯ್ಯ. ನೀನೇನೂ ಯೋಚನೆ ಮಾಡ್ಬೇಡ. ಯೋಚನೆ ಮಾಡಿದ್ರೆ ಕೆಡುತ್ತೆ. ಸುಮ್ನೆ ಓದು" ಅಂದಿದ್ದರು. ಆ ಕಾಗದ ಜೇಬಿನಲ್ಲಿಟ್ಟುಕೊಂಡು ಲಾಂಡ್ರಿಯಣ್ಣ ಮೂರೂವರೆಗೇ ಸಭಾಭವನಕ್ಕೆ ಬಂದ. ಅಷ್ಟು ಬೇಗ ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಸಭೆಯ ಮೇಜಿನ ಬಟ್ಟೆಯನ್ನು ಇಸ್ತ್ರಿ ಮಾಡಿಕೊಟ್ಟವನು ಅವನೇ. ಹೋರಾಟ ಬೇರೆ, ಗಿರಾಕಿ ಬೇರೆ. ಬಟ್ಟೆ ಸರಿಯಾಗಿ ಹಾಸಿದ್ದಾರೋ ಇಲ್ಲವೋ ನೋಡದೆ ಅವನಿಗೆ ಸಮಾಧಾನವಿಲ್ಲ.

ಹಾಸಿರಲಿಲ್ಲ. ಕಚೇರಿಯ ಜವಾನ ಬಟ್ಟೆಯನ್ನು ಹೇಗೋ ಎಸೆದು, ಅದರ ಮೇಲೆ ದೊಡ್ಡದೊಂದು ಮಾಡೆಲ್ ಇಟ್ಟು, "ಮುಟ್ಟೀರಾ ಮತ್ತೆ! ಸರ್ಕಾರಿ ವಸ್ತು. ಕೇಸಾಗುತ್ತೆ" ಅಂತ ಹೇಳಿ ಹೊರಗೆ ಹೋದ.

ಮಾಡೆಲ್ ಮಾತ್ರ ಬಹಳ ಚೆನ್ನಾಗಿತ್ತು. ಥರ್ಮಾಕೋಲಿನಲ್ಲಿ ಇಡೀ ಬೀದಿ. ಔಷಧಿ ಅಂಗಡಿ, ಬ್ಯೂಟಿ ಪಾರ್ಲರು, ಪಾಯಿಂಟ್ ಮಾವನ ಮನೆಯ ಗೇಟು ಕೂಡ. ಎದುರಿನ ಜಾಗದಲ್ಲಿ ಎಂಟು ಮಹಡಿ ಕಟ್ಟಡ ಬಿಳಿ ಒಂಟೆಯ ಹಾಗೆ ಕತ್ತೆತ್ತಿಕೊಂಡು ನಿಂತಿತ್ತು. ಅದರ ಮುಂದೆ ಬೆಂಕಿಪೊಟ್ಟಣದಷ್ಟು ಒಂದು ಮನೆ, ಮೇಲೆ ಸಾಸಿವೆಯಷ್ಟು ಅಕ್ಷರದಲ್ಲಿ 'ಲಾಂಡ್ರಿ'. ತನ್ನ ಮನೆ! ಲಾಂಡ್ರಿಯಣ್ಣನಿಗೆ ಶತ್ರುಗಳ ಮೇಲೆ ಒಂದು ಕ್ಷಣ ಪ್ರೀತಿಯೇ ಬಂತು.

ಆಗ ಕಂಡಿತು ಆ ಸುಕ್ಕು.

ಬೇಡ ಅಂದುಕೊಂಡ. ಬೆನ್ನು ತಿರುಗಿಸಿ ನಿಂತ. ಬೆನ್ನಿಗೂ ಸುಕ್ಕು ಕಾಣಿಸಿತು. ಕೊನೆಗೆ ಬಟ್ಟೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಒಂದೇ ಒಂದು ಸಲ, ಪಳಗಿದ ಕೈಯಿಂದ ಪಟ್ಟಂತ ಎಳೆದ.

ಸುಕ್ಕು ಹೋಯಿತು. ಅದರ ಜೊತೆಗೆ ಕಟ್ಟಡದ ಮೇಲಿನ ಐದು ಮಹಡಿಯೂ ಹೋಯಿತು. ಬುಡದ ಮೂರು ಮಹಡಿ ನಿಂತಲ್ಲೇ ನಿಂತು, ಮೇಲಿನ ಐದು ಒಟ್ಟಿಗೆ ಜಾರಿ ಅವನ ಅಂಗೈಗೆ ಬಂದು ಬಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವನು ಅಂಗಿಯ ಒಂದು ಗುಂಡಿಯನ್ನೂ ಕಿತ್ತವನಲ್ಲ. ಇವತ್ತು ಐದು ಮಹಡಿ ಕಿತ್ತಿದ್ದ.

ಬಾಗಿಲಲ್ಲಿ ಹೆಜ್ಜೆ ಸದ್ದು. ಅವನ ತಲೆ ಬಹಳ ಚುರುಕಾಗಿ ಓಡಿತು, ಎಂದಿನಂತೆ ತಪ್ಪು ದಾರಿಯಲ್ಲಿ. ತುಂಡನ್ನು ಸ್ವಸ್ಥಾನದಲ್ಲಿ ಇಡೋಣವೆಂದರೆ ಕಟ್ಟಡ ಉದ್ದ, ಕೂರುತ್ತಿಲ್ಲ. ಜೇಬಿಗೆ ಹಾಕೋಣವೆಂದರೆ ಹಿಡಿಸುವುದಿಲ್ಲ. ಕೈಗೆ ಹತ್ತಿರ ಸಿಕ್ಕ ಚಪ್ಪಟೆ ಜಾಗದ ಮೇಲೆ ಇಟ್ಟುಬಿಟ್ಟ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಆಮೇಲೆ ನೋಡಿದರೆ ಅದು ಅವನದೇ ಲಾಂಡ್ರಿಯ ತಾರಸಿ.

ಬೀದಿಯವರು ಒಳಗೆ ನುಗ್ಗಿ ಮಾಡೆಲನ್ನು ಸುತ್ತುವರಿದರು.

"ಇಷ್ಟೇನಾ? ಮೂರೇ ಮಹಡಿ! ಎಂಟು ಅಂತ ಯಾರು ಹೇಳಿದ್ದು?" ಅಂತ ಪಾರ್ಲರ್ ಅಕ್ಕ ಕೆನ್ನೆಗೆ ಕೈಯಿಟ್ಟಳು. "ಅಯ್ಯೋ, ಇದಕ್ಕೆ ನಾನು ಅಂಗಡಿ ಮುಚ್ಚಿ ಬಂದ್ನಾ?"

"ಸ್ವಲ್ಪ ಈ ಕಡೆ ನೋಡಮ್ಮ" ಅಂದರು ಪಾಯಿಂಟ್ ಮಾವ, ಕನ್ನಡಕ ಮೂಗಿನ ತುದಿಗೆ ಇಳಿಸಿ. "ಇದೇನಿದು ಲಾಂಡ್ರಿ ಮೇಲೆ ಟವರ್ ಎದ್ದಿದೆ?"

ಎಲ್ಲರೂ ಆ ಕಡೆ ನೋಡಿದರು. ಆಮೇಲೆ ಲಾಂಡ್ರಿಯಣ್ಣನ ಕಡೆ ನೋಡಿದರು. ಅವನು ಮಡಿಸಿಟ್ಟ ಅಂಗಿಯ ಹಾಗೆ ತನ್ನೊಳಗೇ ಮಡಚಿಕೊಂಡ.

"ಏನಣ್ಣಾ, ಚೆನ್ನಾಗಿದೆ ನಿಮ್ಮ ನಾಟಕ!" ಪಾರ್ಲರ್ ಅಕ್ಕನ ದನಿ ಏರಿತು. "ನಮ್ಮ ಕೈಲಿ ಬಿಲ್ಡರ್‌ಗೆ ಬೈಸೋದು, ನೀವು ಹಿಂದಿನಿಂದ ಅವನ ಜೊತೆ ಸೇರ್ಕೊಂಡು ಮಹಡಿ ಮೇಲೆ ಮಹಡಿ ಎಬ್ಬಿಸೋದು!"

"ಅಲ್ಲ ಅಕ್ಕಾ, ಅದು ಸುಕ್ಕು..."

"ಸುಕ್ಕಂತೆ! ಕೊಡಯ್ಯಾ ಇಲ್ಲಿ ನನ್ನ ಕಾಗದ" ಅಂತ ಪಾಯಿಂಟ್ ಮಾವ ಅವನ ಜೇಬಿಗೇ ಕೈ ಹಾಕಿ ಭಾಷಣ ಕಿತ್ತುಕೊಂಡರು.

ಹೆಂಡತಿ ಕೊನೆಗೆ ಬಂದಳು. ಮಾಡೆಲ್ ನೋಡಿದಳು. ಕಣ್ಣಲ್ಲಿ ನೀರು ಬಂತು. "ಕಟ್ಕೊಂಡವಳಿಗೂ ಒಂದು ಮಾತು ಹೇಳಿಲ್ಲ ನೀವು." ಮೂಗು ಒರೆಸಿಕೊಂಡು, ಹತ್ತಿರ ಬಂದು, ಪಿಸುದನಿಯಲ್ಲಿ ಕೇಳಿದಳು: "ನಮಗೆ ಯಾವ ಮಹಡಿ?"

ಅಷ್ಟರಲ್ಲಿ ಯೋಜನಾಧಿಕಾರಿ ಮೇಡಂ ಬಂದರು. ಮಾಡೆಲನ್ನು ಒಮ್ಮೆ ನೋಡಿದರು, ಹುಬ್ಬೇರಿಸಿದರು, ಏನೂ ಹೇಳದೆ ಕೂತರು. "ಮೊದಲು ನಿಮ್ಮ ಮಾತು, ಆಮೇಲೆ ನಮ್ಮದು. ಚೀಟಿ ನಂಬರ್ ಪ್ರಕಾರ ಬನ್ನಿ. ಒಬ್ಬರಿಗೆ ಒಂದೇ ಸಲ ಅವಕಾಶ. ಹೇಳಿದ್ದನ್ನ ರಿಜಿಸ್ಟರಲ್ಲಿ ಬರೆದು ಸಹಿ ಹಾಕಬೇಕು."

ಎಲ್ಲರಿಗಿಂತ ಮೊದಲು ಬಂದ ಲಾಂಡ್ರಿಯಣ್ಣ ಸುಕ್ಕಿನ ಗಲಾಟೆಯಲ್ಲಿ ಚೀಟಿ ತೆಗೆದುಕೊಳ್ಳಲು ಮರೆತಿದ್ದ. ಸಿಕ್ಕಿದ್ದು ಇಪ್ಪತ್ತಮೂರನೆಯದು, ಕೊನೆಯದು.

ಇಪ್ಪತ್ತೆರಡು ಜನರೂ ಒಂದೇ ಮಾತು ಹೇಳಿದರು. ಎದುರಿನ ಜಾಗದ ಕಟ್ಟಡಕ್ಕೆ ನಮ್ಮದೇನೂ ತಕರಾರಿಲ್ಲ, ಲಾಂಡ್ರಿಯ ಮೇಲೆ ಮಾತ್ರ ಒಂದು ಇಟ್ಟಿಗೆಯನ್ನೂ ಇಡಕೂಡದು. ಪಾಯಿಂಟ್ ಮಾವ ತಾವೇ ಬರೆದ ಭಾಷಣ ಓದಿದರು. 'ಎದುರಿನ ಕಟ್ಟಡ' ಅಂತ ಇದ್ದಲ್ಲೆಲ್ಲ 'ಈ ಲಾಂಡ್ರಿ' ಅಂತ ಬದಲಿಸಿದರು, ಅಷ್ಟೇ. ಹದಿನಾಲ್ಕು ಪಾಯಿಂಟೂ ಹೊಲಿದ ಹಾಗೆ ಹೊಂದಿಕೊಂಡವು. ಬಿಸಿಲು ಎಲ್ಲರ ಸೊತ್ತು ಅನ್ನುವ ಏಳನೆಯ ಪಾಯಿಂಟಿಗೆ ಲಾಂಡ್ರಿಯಣ್ಣನೇ ಮೈಮರೆತು ತಲೆದೂಗಿದ. "ನೋಡಿ, ಅವನೇ ಒಪ್ತಾನೆ!" ಅಂದರು ಪಾಯಿಂಟ್ ಮಾವ. ಮೇಡಂ ಅದನ್ನೂ ಬರೆದುಕೊಂಡರು.

ಕೊನೆಗೆ ಅವನ ಸರದಿ ಬಂತು. ಕೈಯಲ್ಲಿ ಕಾಗದವಿಲ್ಲ. ಕಾಲು ಮಾತ್ರ ಮಾಡೆಲಿನ ಕಡೆ ನಡೆಯಿತು. ಇಷ್ಟು ವರ್ಷ ಊರಿನವರ ಬಟ್ಟೆಯ ಕಲೆ ತೆಗೆದೆ, ಇವತ್ತು ನನ್ನ ಮೇಲಿನದನ್ನೂ ತೆಗೆಯೋಣ ಅಂದುಕೊಂಡ. ಅವನಿಗೆ ತನ್ನ ಧೈರ್ಯ ಕಂಡು ತನಗೇ ಗೌರವ ಬಂತು. ಅದು ಬಂದಾಗಲೆಲ್ಲ ಏನೋ ಕೆಡುತ್ತದೆ ಅನ್ನುವುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

"ಮೇಡಂ, ತಪ್ಪಾಯ್ತು. ಬಟ್ಟೆ ಎಳೆದೆ, ಇದು ಕಿತ್ತು ಬಂತು. ಹೆದರಿಕೊಂಡು ನನ್ನ ಮನೆ ಮೇಲೆ ಇಟ್ಟೆ. ಇದು ಇಲ್ಲಿಯದಲ್ಲ. ಅಲ್ಲಿಯದು."

ಐದು ಮಹಡಿಯನ್ನು ತನ್ನ ತಾರಸಿಯಿಂದ ಎತ್ತಿದ. ಮೇಜಿನ ಮೇಲೆ ಕಚೇರಿಯ ಗೋಂದಿನ ಬಾಟಲಿ ಕಂಡಿತು. ಮಾಡಿದ ತಪ್ಪನ್ನು ಸರಿಮಾಡುವುದಾದರೆ ಪೂರ್ತಿ ಸರಿಮಾಡಬೇಕು. ಧಾರಾಳವಾಗಿ ಗೋಂದು ಸುರಿದು, ಐದನ್ನು ಮೂರರ ಮೇಲೆ ಕೂರಿಸಿ, ಇಸ್ತ್ರಿಪೆಟ್ಟಿಗೆ ಒತ್ತುವ ಹಾಗೆ ಅಂಗೈಯಿಂದ ಒತ್ತಿ ಹಿಡಿದ. ಇಪ್ಪತ್ತು ಎಣಿಸಿದ. ಕೈ ತೆಗೆದ. ಅಲುಗಲಿಲ್ಲ.

ಸಭೆಯಲ್ಲಿ ಒಟ್ಟಿಗೆ ಬೊಬ್ಬೆ. "ಅಯ್ಯಯ್ಯೋ, ಎಂಟೇ!" "ನಾವು ಒಪ್ಪಿದ್ದು ಮೂರಕ್ಕೆ!" "ಮೇಡಂ, ನಮ್ಮ ಮಾತು ವಾಪಸ್ಸು ಕೊಡಿ!"

"ಒಬ್ಬರಿಗೆ ಒಂದೇ ಸಲ" ಅಂದರು ಮೇಡಂ. ದನಿ ಯಾಕೋ ಸೋತಿತ್ತು. ಎದ್ದು ಬಂದು ಮಾಡೆಲಿನ ಮೇಲೆ ಬಗ್ಗಿ ನೋಡಿದರು. "ಗೋಂದು ಹಾಕಿಬಿಟ್ರಾ?"

"ಗಟ್ಟಿಯಾಗಿ ಹಾಕಿದ್ದೀನಿ ಮೇಡಂ. ಇನ್ನು ಹತ್ತು ವರ್ಷ ಬಿಚ್ಚಲ್ಲ."

ಮೇಡಂ ಕುರ್ಚಿ ಎಳೆದು ಕೂತರು. "ಕೇಳಿ. ಬಿಲ್ಡರು ಕೇಳಿದ್ದು ಎಂಟು ಮಹಡಿ. ನಾವು ಎರಡು ವಾರ ನಿಮ್ಮ ಬೀದಿಯ ನೆರಳು ಅಳೆದ್ವಿ. ಮೇಲಿನ ಐದು ಮಹಡಿಯಿಂದ ಲಾಂಡ್ರಿಗೆ ದಿನವಿಡೀ ಬಿಸಿಲಿಲ್ಲ ಅಂತ ಗೊತ್ತಾಯ್ತು. ಅದಕ್ಕೇ ಮೂರಕ್ಕೆ ಇಳಿಸ್ಬೇಕು ಅಂತ ನಾವೇ ತೀರ್ಮಾನ ಮಾಡಿದ್ವಿ. ಕೊನೇಲಿ ಎತ್ತಿ ತೋರಿಸೋಣ ಅಂತ ಆ ಐದನ್ನ ಅಂಟಿಸದೆ ಸುಮ್ನೆ ಮೇಲಿಟ್ಟಿದ್ವಿ. ನಾನು ಬರೋ ಹೊತ್ತಿಗೆ ಅದು ಲಾಂಡ್ರಿ ಮೇಲಿತ್ತು. ಜನರೇ ಏನೋ ಸಲಹೆ ಕೊಡ್ತಿದ್ದಾರೆ ಅಂದ್ಕೊಂಡು ಸುಮ್ನಿದ್ದೆ."

ಲಾಂಡ್ರಿಯಣ್ಣನ ಬಾಯಿ ಒಗೆಯಲು ಹಾಕುವ ಬಟ್ಟೆಯ ಚೀಲದ ಹಾಗೆ ತೆರೆದುಕೊಂಡಿತು. "ಹಾಗಾದ್ರೆ... ಅದು ತಾನಾಗೇ ಬಿದ್ದದ್ದು... ಸರಿಯಾಗೇ ಬಿದ್ದಿತ್ತಾ?"

"ಸರಿಯಾಗೇ ಬಿದ್ದಿತ್ತು."

"ಈಗಲೂ ಮೂರೇ ಅಂತ ನೀವೇ ಹೇಳಿಬಿಡಿ ಮೇಡಂ" ಅಂದಳು ಹೆಂಡತಿ.

"ಒಪ್ಪಿಗೆ ಕೊಡೋದು ಸಮಿತಿ, ನನ್ನನ್ನ ಅವರ ಬಾಗಿಲೊಳಗೆ ಬಿಡಲ್ಲಮ್ಮ. ಒಳಗೆ ಹೋಗೋದು ರಿಜಿಸ್ಟರು ಮತ್ತೆ ಮಾಡೆಲ್ಲು ಮಾತ್ರ. ರಿಜಿಸ್ಟರಲ್ಲಿ ಇಪ್ಪತ್ತೆರಡು ಜನ ತಕರಾರಿಲ್ಲ ಅಂದಿದ್ದೀರ. ಇನ್ನು ಸಮಿತಿಯವರು ಕಾಗದ ಎಲ್ಲಿ ಓದ್ತಾರೆ? ಮಾಡೆಲ್ ನೋಡಿ ಕೈ ಎತ್ತುತ್ತಾರೆ. ಐದೂವರೆಗೆ ಕೂತ್ಕೋತಾರೆ."

ಗಡಿಯಾರ ಐದು ತೋರಿಸುತ್ತಿತ್ತು. ಬಾಗಿಲಲ್ಲಿ ಜವಾನ ನಿಂತು "ಮೇಡಂ, ಗಾಡಿ ರೆಡಿ" ಅನ್ನುತ್ತಿದ್ದ.

"ಕತ್ತರಿ ತರ್ತೀನಿ!" ಅಂತ ಪಾರ್ಲರ್ ಅಕ್ಕ ಹೊರಗೆ ಓಡಿದಳು. ಮೇಡಂ ಐದು ಮಹಡಿಯನ್ನು ಹಿಡಿದು ಎಳೆದರು. ಬರಲಿಲ್ಲ. ಪಾಯಿಂಟ್ ಮಾವ ಎಳೆದರು. ಬರಲಿಲ್ಲ. "ನೀನೇ ಹಿಡಿಯಯ್ಯಾ! ಅಂಟಿಸಿದೋನು ನೀನು, ಕೀಳೋನೂ ನೀನೇ" ಅಂದರು. ಲಾಂಡ್ರಿಯಣ್ಣ ಕಟ್ಟಡವನ್ನು ಎರಡೂ ಕೈಯಲ್ಲಿ ತಬ್ಬಿದ. ಹೆಂಡತಿ ಮಾಡೆಲಿನ ಅಡಿಯ ಹಲಗೆ ಒತ್ತಿ ಹಿಡಿದಳು. ಒಂದು, ಎರಡು, ಮೂರು.

ಕಟ್ಟಡ ಕದಲಲಿಲ್ಲ. ಹಲಗೆ ಬಾಗಿತು, ಟಕ್ ಅಂತ ಸದ್ದಾಯಿತು, ಏನೋ ಒಂದು ಹಾರಿ ಲಾಂಡ್ರಿಯಣ್ಣನ ಅಂಗಿಗೆ ತಗುಲಿ ನೆಲಕ್ಕೆ ಬಿತ್ತು. ಅದೇನೆಂದು ಯಾರೂ ನೋಡುವ ಮೊದಲೇ ಜವಾನ ಮಾಡೆಲ್ ಎತ್ತಿಕೊಂಡು ಹೊರಟ. ಪಾರ್ಲರ್ ಅಕ್ಕ ಕತ್ತರಿ ಹಿಡಿದು ಬಂದಾಗ ಗಾಡಿ ತಿರುವು ದಾಟಿತ್ತು.

ಆರು ಗಂಟೆಗೆ ಮೇಡಂ ಫೋನ್ ಮಾಡಿದರು. ಲಾಂಡ್ರಿಯಣ್ಣ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಸುತ್ತ ಬೀದಿಯವರೆಲ್ಲ ನಿಂತಿದ್ದರು.

"ಎಂಟೂ ಮಹಡಿಗೆ ಒಪ್ಪಿಗೆ ಆಯ್ತು. ಬೇಜಾರು ಮಾಡ್ಕೋಬೇಡಿ" ಅಂದರು ಮೇಡಂ. "ಸಮಿತಿಯಲ್ಲಿ ಒಬ್ಬ ಹಿರಿಯರು ಕೇಳಿದ್ರಂತೆ, ಇಷ್ಟೆತ್ತರ ಕಟ್ಟಿದ್ರೆ ಎದುರು ಮನೆಯವರಿಗೆ ನೆರಳು ಬೀಳಲ್ವಾ ಅಂತ. ಪುಣ್ಯಾತ್ಮರು! ಎಲ್ಲರೂ ಎದ್ದು ಬಂದು ಮಾಡೆಲನ್ನ ಚೆನ್ನಾಗಿ ಹುಡುಕಿದ್ರಂತೆ. ಎದುರಿಗೆ ಯಾವ ಮನೆಯೂ ಕಾಣಲಿಲ್ಲವಂತೆ."

ಲಾಂಡ್ರಿಯಣ್ಣ ಬೆವೆತ ಅಂಗೈ ಬಿಚ್ಚಿ, ಸಭಾಭವನದ ನೆಲದಿಂದ ಎತ್ತಿಕೊಂಡು ಬಂದಿದ್ದ ಬೆಂಕಿಪೊಟ್ಟಣದಷ್ಟು ಲಾಂಡ್ರಿಯನ್ನು ನೋಡಿದ.

"ಇಲ್ಲಿದೆ ಮೇಡಂ" ಅಂದ. "ನನ್ನ ಹತ್ರಾನೇ ಇದೆ."