ಪಂಚನಾಮೆಯಲ್ಲಿದ್ದ ನಾಯಿ

ಬರೆದದ್ದನ್ನೆಲ್ಲ ನಂಬುವ ಸ್ವಭಾವ ನನ್ನದಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವನಾದರೂ, ಡೊಂಬಿವಲಿಯ ಹೋಟೆಲಿನ ಗಲ್ಲಾದಲ್ಲಿ ಕುಳಿತು ನಲವತ್ತು ವರ್ಷ ಪತ್ರಿಕೆ ಓದಿ, ಮರಾಠಿಯನ್ನೂ ಅಷ್ಟಿಷ್ಟು ಕಾನೂನನ್ನೂ ಯಾರ ಹಂಗಿಲ್ಲದೆ ಕಲಿತವನು. ಆದ್ದರಿಂದ ನಮ್ಮ ಕಾರಿನ ಅಪಘಾತದ ಸ್ಥಳ ನೋಡಿ ಪೊಲೀಸರು ಬರೆದ ಪಂಚನಾಮೆ ಕೈಗೆ ಬಂದಾಗ, ಅದನ್ನು ಅರ್ಥಮಾಡಿಕೊಳ್ಳಲು ವಕೀಲರೇಕೆ ಎಂದುಕೊಂಡೆ.

ಪನವೇಲಿನಲ್ಲಿ ಮದುವೆಯೂಟ ಮುಗಿಸಿ ನೆರೂಳಿನ ಮನೆಗೆ ಮರಳುವಾಗ, ಕಳಂಬೋಲಿಯ ಹತ್ತಿರ ಕಾರು ಡಿವೈಡರಿಗೆ ಬಡಿದಿತ್ತು. ಓಡಿಸುತ್ತಿದ್ದವನು ನಾನು. ನನಗೊಂದು ಗೀರೂ ಇಲ್ಲ. ಪಕ್ಕದಲ್ಲಿದ್ದ ಹೆಂಡತಿ ಸುಮತಿಯ ಬಲಗೈ ಎರಡು ಕಡೆ ಮುರಿದಿತ್ತು. ಬೆರಳುಗಳು ಮತ್ತೆ ಮಡಚುವುದು ಸಂಶಯವೆಂದು ಡಾಕ್ಟರು ಹೇಳಿದ್ದರು. ತಪ್ಪು ಯಾರದೆಂದು ತಿಳಿಯದೆ ನನಗೆ ಅನ್ನ ಸೇರುತ್ತಿರಲಿಲ್ಲ.

ಪಂಚನಾಮೆ ಕಾರಣವನ್ನು ಸ್ಪಷ್ಟವಾಗಿ ನಮೂದಿಸಿತ್ತು: ನಾಯಿ ಅಡ್ಡ ಬಂದದ್ದು. ಯಾವ ನಾಯಿ? ನಾನು ಕಾಣಲೇ ಇಲ್ಲವಲ್ಲ!

“ಬರೆದವರು ಬರೆದಿದ್ದಾರೆ. ಬಿಡಿ ಮಾರಾಯ್ರೆ,” ಎಂದಳು ಸುಮತಿ, ಹಾಸಿಗೆಯಿಂದಲೇ.

“ಬಿಡುವುದಾ? ಇಲ್ಲದ ನಾಯಿಯ ನೆಪದಲ್ಲಿ ನಿಜವಾದ ಅಪರಾಧಿ ಪಾರಾಗುತ್ತಾನೆ. ಹೊಂಡ ಇದ್ದಿರಬೇಕು. ಇಲ್ಲವೇ ಯಾವನೋ ಲಾರಿಯವನು!”

“ನಿಮಗೆ ಬೇರೆ ಕೆಲಸ ಇಲ್ಲವಾ?”

ಇರಲಿಲ್ಲ.

ಅವಳ ಹೊಲಿಗೆ ಪೆಟ್ಟಿಗೆಯ ಟೇಪು ಹಿಡಿದು ಸ್ಥಳಪರಿಶೀಲನೆಗೆ ಹೊರಟೆ. ಪಂಚನಾಮೆಯ ನಕ್ಷೆಯಲ್ಲಿದ್ದ ಅಳತೆಗಳು ಒಂದು ಗೇಣೂ ತಪ್ಪಿರಲಿಲ್ಲ. ಇದರಿಂದ ನನ್ನ ಸಂಶಯ ಮತ್ತಷ್ಟು ಬಲವಾಯಿತು! ಹೊಂಡವೂ ಇರಲಿಲ್ಲ. ಪಂಚನೆಂದು, ಅಂದರೆ ಸ್ಥಳದ ಸಾಕ್ಷಿಯೆಂದು, ಸಹಿ ಹಾಕಿದ್ದ ಚಹಾದಂಗಡಿಯವನನ್ನು ವಿಚಾರಣೆಗೆ ಒಳಪಡಿಸಿದೆ. ಬಿಜಾಪುರದ ಕಡೆಯವನು.

“ನಾಯಿ ಗೀಯಿ ನಾ ನೋಡಿಲ್ರೀ ಕಾಕಾ. ಬಡದ ಸಪ್ಪಳಾ ಕೇಳಿ ಓಡಿ ಬಂದೇನ್ರಿ. ಅಳತಿ ಮಾಡೂಮುಂದ ನಿಂತು ಸಹಿ ಹಾಕೇನಿ, ಅಷ್ಟ.”

“ಲಾರಿ?”

“ರೋಡ್ ಪೂರಾ ಖಾಲಿ ಇತ್ರೀ!”

ಸಾಕ್ಷ್ಯ ಪೂರ್ಣವಾಯಿತು. ಮೂರು ಪುಟಗಳ ಅರ್ಜಿ ಸಿದ್ಧಪಡಿಸಿದೆ: ರಸ್ತೆ ನೇರವಾಗಿತ್ತು, ಒಣಗಿತ್ತು, ಹೊಂಡರಹಿತವಾಗಿತ್ತು, ಹಗಲಿನ ಬೆಳಕಿತ್ತು, ಎದುರಿಗೆ ವಾಹನವಾಗಲಿ ಪ್ರಾಣಿಯಾಗಲಿ ಇರಲಿಲ್ಲ, ಆದಕಾರಣ ನಾಯಿಯನ್ನು ದಾಖಲೆಯಿಂದ ತೆಗೆದುಹಾಕತಕ್ಕದ್ದು.

ಠಾಣೆಯ ಹವಾಲ್ದಾರರು ಅರ್ಜಿಯನ್ನು ಓದಿ, ನನ್ನನ್ನೂ ಬಹಳ ಹೊತ್ತು ಓದಿದರು.

“ಕಾಕಾ, ಕುತ್ರಾ ರಾಹೂ ದ್ಯಾ ನಾ,” ಎಂದರು. ನಾಯಿ ಇರಲಿ ಬಿಡಿ ಎಂದು!

“ಸಾಧ್ಯವೇ ಇಲ್ಲ,” ಎಂದೆ. ಪ್ರತಿಯ ಮೇಲೆ ಠಸ್ಸೆ ಒತ್ತಿಸಿಕೊಂಡೇ ಹೊರಬಂದೆ.

ಮನೆಯಲ್ಲಿ ಸುಮತಿಗೆ ಗಂಜಿ ಕುಡಿಸುತ್ತ ಅರ್ಜಿಯನ್ನು ಗಂಭೀರವಾಗಿ ಓದಿ ಹೇಳಿದೆ. ಎರಡನೆಯ ಪುಟಕ್ಕೆ ಅವಳು ಎಡಗೈಯಿಂದ ಚಮಚವನ್ನು ತಡೆದಳು.

“ನಾಯಿ ಅಂತ ಪೊಲೀಸರಿಗೆ ಹೇಳಿದ್ದು ನಾನು.”

“ನೀನು ನೋಡಿದೆಯಾ?”

“ಎಂತ ನಾಯಿ? ನೀವು ನಿದ್ದೆ ಮಾಡಿದ್ರಿ. ಎರಡು ಸಲ ಕರೆದೆ. ಕೇಳಲಿಲ್ಲ. ಆಮೇಲೆ ಸ್ಟಿಯರಿಂಗ್ ಹಿಡಿಯಲಿಕ್ಕೆ ಕೈ ಚಾಚಿದೆ.”

ಪ್ಲಾಸ್ಟರಿನೊಳಗಿದ್ದ ಆ ಕೈಯನ್ನು ನೋಡಿದೆ. ಚಮಚದ ಗಂಜಿ ನನ್ನ ಪಂಚೆಯ ಮೇಲೆ ಸುರಿಯಿತು.

“ಗಂಡ ತೂಕಡಿಸಿದ ಅಂತ ಊರವರೆದುರು ಹೇಳುವುದಾ?” ಎಂದು ಗೋಡೆಯ ಕಡೆ ತಿರುಗಿದಳು.

ಕೆಲವು ದಿನಗಳಲ್ಲಿ ಪೂರಕ ವರದಿ ಬಂತು: ಅಪಘಾತಕ್ಕೆ ಚಾಲಕನ ಅಜಾಗರೂಕತೆಯೇ ಕಾರಣ. ಆಧಾರ: ಚಾಲಕನ ಸ್ವಂತ ಅರ್ಜಿ. ಕನ್ನಡಕ ಒರೆಸಿಕೊಂಡು ನಾಲ್ಕು ಸಲ ಓದಿದೆ. ಸರ್ಕಾರಿ ಕಾಗದವೊಂದರಲ್ಲಿ ಒಂದೂ ತಪ್ಪು ಸಿಗದೆ ಹೋದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು!